ಚಪ್ಪಲಿ ಕಾಣದ ಗ್ರಂಥಾಲಯ

ಗ್ರಂಥಾಲಯದ ಗೋಡೆ ಸರಿಸುವ ಅಧಿಕಾರವುಳ್ಳ ಮಾನ್ಯರೇ,

ಹುಮನಾಬಾದಿನ ಧಾನ್ಯ ಬಜಾರಿನ ಹಿಂದಿನ ಗ್ರಂಥಾಲಯವನ್ನು ತಾವು ಎಷ್ಟು ಚೆಂದ ಮಾಡಿದ್ದೀರೆಂದರೆ, ಅದರೊಳಗೆ ಕಾಲಿಡುವ ಅರ್ಹತೆಯೇ ನನಗೀಗ ಉಳಿದಿಲ್ಲ. ನಾನು ಬಜಾರಿನ ಹಮಾಲ. ಕಲಿತದ್ದು ಏಳನೆಯ ತರಗತಿ; ಈ ಪತ್ರ ಬರೆಯುವಷ್ಟು ಕನ್ನಡ ಬಂದದ್ದು ನಿಮ್ಮ ಕೆಳಗಿನ ಪಡಸಾಲೆಯ ಪತ್ರಿಕೆಗಳಿಂದ. ಇಪ್ಪತ್ತು ವರ್ಷ, ಮಧ್ಯಾಹ್ನ ಬುತ್ತಿ ಉಂಡು, ಮೈಮೇಲಿನ ತೊಗರಿ ಧೂಳು ಕೊಡವಿ, ಅಲ್ಲಿ ಕೂತು ಓದಿದ್ದೇನೆ. ಯಾರೂ ಕಾರ್ಡು ಕೇಳಿರಲಿಲ್ಲ. ಈಗ ಅಲ್ಲಿ ನುಣ್ಣನೆಯ ಟೈಲ್ಸು, ಕಂಪ್ಯೂಟರಿನ ಸಾಲು, ಕಪ್ಪು ಹಾಳೆ ಅಂಟಿಸಿದ ಗಾಜಿನ ಬಾಗಿಲು. ಓದುವುದೇನು ಮುಚ್ಚಿಟ್ಟು ಮಾಡುವ ಕೆಲಸವೇ ಸ್ವಾಮೀ? ಪತ್ರಿಕೆಗಳು ಮಹಡಿ ಏರಿವೆ. ಒಳಗೆ ಹೋಗಲು ಸದಸ್ಯರ ಕಾರ್ಡು ಬೇಕು.

ನನ್ನ ಮಗಳು ಸುಮೇಧಾ ನಮ್ಮೂರು ಘಾಟಬೋರಾಳದಿಂದ ದಿನವೂ ಬೆಳಗಿನ ಬಸ್ಸಿಗೆ ಬಂದು, ಪೊಲೀಸ್ ಪರೀಕ್ಷೆಗೆ ಅಲ್ಲೇ ಓದುತ್ತಿದ್ದಳು. ಮೊದಲು ಎಲ್ಲರೂ ಚಪ್ಪಲಿಯನ್ನು ಹೊರಗಿನ ಮೆಟ್ಟಿಲ ಮೇಲೆ ಬಿಡುತ್ತಿದ್ದರು. ಚೀಲ ಹೊತ್ತು ಹೋಗುವಾಗ ಅವಳ ನೀಲಿ ಪಟ್ಟಿಯ ಚಪ್ಪಲಿ ಕಂಡರೆ ನನಗೆ ಸಮಾಧಾನ. ದುರಸ್ತಿ ಮುಗಿದ ಮೇಲೆ ನಾಲ್ಕು ದಿನ ನೋಡಿದೆ. ಯಾರ್‍ಯಾರದೋ ಚಪ್ಪಲಿ ಇದ್ದವು, ಅವಳದಿರಲಿಲ್ಲ. ಓದುವ ನೆಪದಲ್ಲಿ ಬೇರೆಲ್ಲೋ ಹೋಗುತ್ತಿದ್ದಾಳೆಂದು, ಐದನೆಯ ದಿನ ಅವಳ ಕಾರ್ಡು ಕಸಿದುಕೊಂಡು ಮನೆಯಲ್ಲಿ ಕೂರಿಸಿದೆ.

"ಅಪ್ಪಾ, ಕಾರ್ಡ್ ಇದ್ದವರ ಚಪ್ಪಲಿ ಒಳಗ ಕಪಾಟಿನ್ಯಾಗ ಇಡಸ್ತಾರ. ಹೊರಗ ಇರೋವು ಕಾರ್ಡ್ ಕೇಳಾಕ ಬಂದವರವು. ನಾ ದಿನಾ ಹೋಗಾಕತ್ತೀನಿ," ಎಂದು ಅತ್ತಳು. ಪುಸ್ತಕಕ್ಕೇ ಕಪಾಟು ಸಾಲದೆ ಗೋಣಿಚೀಲದಲ್ಲಿ ತುಂಬಿಟ್ಟದ್ದನ್ನು ಕಂಡವನು ನಾನು. ಚಪ್ಪಲಿಗೆ ಕಪಾಟು ಮಾಡಿಸಿದ್ದಾರೆಂದರೆ ಹೇಗೆ ನಂಬಲಿ? ನಂಬಲಿಲ್ಲ. ಹನ್ನೊಂದು ದಿನದ ಮೇಲೆ ಹೆಂಡತಿ ಕಾಂತಾಬಾಯಿ ತಾನೇ ಹೋಗಿ, ಬಾಗಿಲು ತೆರೆದಾಗ ಇಣುಕಿ, ಕಪಾಟು ನೋಡಿ ಬಂದಳು.

"ನಿಮ್ಮ ಕಣ್ಣು ಚಪ್ಪಲಿ ಮ್ಯಾಗ ಇತ್ತು, ಮಗಳ ಮ್ಯಾಗ ಇರಲಿಲ್ಲ," ಎಂದಳು. ನಾಚಿಕೆಯಿಂದ ಸತ್ತೇ ಹೋದೆ.

ಕಾರ್ಡು ಮರಳಿ ಕೊಟ್ಟರೆ ಸುಮೇಧಾ ಮುಟ್ಟಲಿಲ್ಲ. "ಮೊದಲ ನೀ ಒಳಗ ಬಂದು ನಾ ಕೂಡೋ ಜಾಗಾ ನೋಡಪ್ಪಾ. ಆಮ್ಯಾಗ ಹೋಗ್ತೀನಿ."

ನ್ಯಾಯದ ಮಾತು. ಹೋದೆ. ನಿಮ್ಮ ಕಾವಲುಗಾರ ನನ್ನ ಅಂಗಿ ನೋಡಿ, "ಕಾರ್ಡ್ ಅದಾ? ಇಲ್ಲಂದ್ರ ಹೊರಗ ನಿಂದರ್ರಿ," ಎಂದ. ಹೊಸ ಕಾರ್ಡು ಕೊಡುವುದು ಮುಂದಿನ ತಿಂಗಳಂತೆ. ಪರೀಕ್ಷೆಗೆ ಹದಿನಾರು ದಿನ ಉಳಿದಿದೆ.

ಕಂಪ್ಯೂಟರು ಇರಲಿ, ಚಪ್ಪಲಿಯ ಕಪಾಟೂ ಸುಖವಾಗಿರಲಿ. ಪತ್ರಿಕೆಯ ಒಂದು ಮೇಜನ್ನು ಕೆಳಗಿಳಿಸಿ. ಕಾರ್ಡಿಲ್ಲದವರನ್ನು ಮೊದಲಿನಂತೆ ಒಳಗೆ ಬಿಡಿ. ನಾಳೆಯೇ ಬಿಡಿ. ತಪ್ಪು ನನ್ನದೆಂದು ಒಪ್ಪಿಕೊಂಡಿದ್ದೇನೆ. ಅದನ್ನು ತಿದ್ದಿಕೊಳ್ಳಲು ನಾನು ಒಮ್ಮೆ ಒಳಗೆ ಬಂದು ಅವಳ ಕುರ್ಚಿ ನೋಡಬೇಕು, ಅಷ್ಟೇ.

ಇಂತಿ,
ಚಪ್ಪಲಿ ನಂಬಿ ಮಗಳನ್ನು ನಂಬದ
ಉತ್ತಮ, ಹಮಾಲ
(ನಿಮ್ಮ ಮೆಟ್ಟಿಲ ಹೊರಗಿನಿಂದ)