ಬೆಸ ಸಂಖ್ಯೆಯ ಹೂವು

ಗೊರ್ನೊ ಪೋಲೆ, ವ್ರಾತ್ಸಾ ಜಿಲ್ಲೆ
೧೪ ಏಪ್ರಿಲ್ ೨೦೧೮

ಮುದ್ದು ಮಗ್ದಾ,

ಸೋಫಿಯಾದ ವಿಮಾನ ನಿಲ್ದಾಣ ಕಟ್ಟುವಾಗ ಬಾಗಿಲು ಯಾವ ದಿಕ್ಕಿಗೆ ಇಡಬೇಕು ಅಂತ ಇಂಜಿನಿಯರುಗಳು ಬಂದು ಕೇಳಿದ್ದು ನಿನ್ನ ಈ ಗೆಂಚೊ ಮಾವನನ್ನೇ. ಹಾಗಾಗಿ ಬಲ್ಗೇರಿಯಕ್ಕೆ ಮೊದಲ ಸಲ ಬರುವವರು ಏನೇನು ತಿಳಿದಿರಬೇಕು ಅಂತ ನೀನು ನನ್ನನ್ನು ಕೇಳಿದ್ದು ಸರಿಯಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಏನಾದರೊಂದು ಕೆಲಸ ಬರುತ್ತಿತ್ತು. ಬರದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ನಿನ್ನ ಅಮ್ಮ, ನನ್ನ ತಂಗಿ ನೆದಾ, ಹೇಗಿದ್ದಾಳೆ? ಅರ್ಜೆಂಟೀನಾದಲ್ಲಿ ಈಗ ಚಳಿ ಶುರುವಾಗಿರಬೇಕು. ಇಲ್ಲಿ ಪ್ಲಮ್ ಮರಗಳು ಹೂಬಿಟ್ಟಿವೆ. ಯಾರಿಗೋಸ್ಕರ ಬಿಟ್ಟವೋ ಗೊತ್ತಿಲ್ಲ.

ತ್ಸೋನಾ ಅತ್ತೆ ಯಾಕೆ ಫೋನಿಗೆ ಬರುತ್ತಿಲ್ಲ ಅಂತ ಮತ್ತೆ ಮತ್ತೆ ಕೇಳಿದ್ದೀಯ. ಅವಳ ಪಕ್ಕದಲ್ಲೇ ನಿಂತು ಹಿಟ್ಟಿನ ಹಾಳೆಗೆ ಚೀಸ್ ತುಂಬಿ ಬಾನಿತ್ಸಾ ಸುತ್ತುವುದು ಕಲಿಯಬೇಕು, ಅದಕ್ಕೇ ಇಷ್ಟು ದೂರ ಬರುತ್ತಿರುವುದು ಅಂತಲೂ ಬರೆದಿದ್ದೀಯ. ಹೇಳುತ್ತೇನೆ. ಮೊದಲು ದಾರಿ ಹೇಳಿಬಿಡುತ್ತೇನೆ.

ವಿಮಾನ ಇಳಿದವಳೇ ಮೆಟ್ರೊ ಹತ್ತು. ಟ್ಯಾಕ್ಸಿಯೇ ಬೇಕಾದರೆ ಕಿಟಕಿಗೆ ಅಂಟಿಸಿದ ದರದ ಚೀಟಿಯನ್ನು ಮೂಗು ತಾಗಿಸಿ ಓದು. ಒಳ್ಳೆಯ ಗಾಡಿಗಳ ಬಣ್ಣವನ್ನೇ ಬಳಿದುಕೊಂಡು ಕಳ್ಳರೂ ಸಾಲಿನಲ್ಲಿ ನಿಂತಿರುತ್ತಾರೆ. ನನಗೆ ಟೋಪಿ ಹಾಕುವ ಟ್ಯಾಕ್ಸಿಯವನು ಇನ್ನೂ ಹುಟ್ಟಿಲ್ಲ, ಬಿಡು. ಅಂಗಡಿಯ ವೇಸ್ಕಾ ಮಾತ್ರ ಎಲ್ಲರ ಮುಂದೆ, "ಏನ್ ಗೆಂಚೊ, ಇಂಜಿನಿಯರಿಗೆ ಬಾಗಿಲು ತೋರಿಸ್ದೋನಿಗೆ ಡ್ರೈವರ್ ಊರೆಲ್ಲ ತೋರಿಸಿದ್ನಂತೆ" ಅಂತ ಕೆಣಕುತ್ತಿದ್ದಳು. ಈಗ ಕೆಣಕುವುದಿಲ್ಲ. ಹಿಂದೊಮ್ಮೆ ಇಪ್ಪತ್ತು ಲೆವ ಹೆಚ್ಚು ಕೊಟ್ಟಿದ್ದೆ, ಅದೂ ಪಾಪ ಅವನಿಗೆ ಮಕ್ಕಳಿರಬಹುದು ಅಂತ.

ಸೋಫಿಯಾದಿಂದ ವ್ರಾತ್ಸಾಕ್ಕೆ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ನಮ್ಮೂರಿಗೆ ಮಂಗಳವಾರ, ಶುಕ್ರವಾರ ಮಾತ್ರ. ಡ್ರೈವರನ್ನು ಕೇಳಿದರೆ ತಲೆಯನ್ನು ಅತ್ತಿತ್ತ ಆಡಿಸುತ್ತಾನೆ, ಹಾಗಂದರೆ ಹೌದು ಅಂತ, ಹೆದರಿ ಇಳಿದುಬಿಡಬೇಡ. ಯಾರಾದರೂ ರಾಕಿಯಾ, ನಮ್ಮ ಹಣ್ಣಿನ ಸಾರಾಯಿ, ಕೊಟ್ಟರೆ ಸಲಾಡಿನ ಜೊತೆ ಗುಟುಕು ಗುಟುಕಾಗಿ ಕುಡಿ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು. ನನ್ನದನ್ನು ನೋಡದಿದ್ದರೂ ನಡೆಯುತ್ತದೆ.

ನಿಲ್ದಾಣದ ಗೋಡೆಗೆ, ಕಂಬಗಳಿಗೆ, ಮನೆಗಳ ಬಾಗಿಲಿಗೆ ಫೋಟೋ ಇರುವ ಕಾಗದಗಳು ಅಂಟಿರುತ್ತವೆ. ಚುನಾವಣೆಗೆ ನಿಂತವರು ಅಂದುಕೊಳ್ಳಬೇಡ. ಸತ್ತವರು. ಸತ್ತ ದಿನ ಒಂದು, ನಲವತ್ತನೇ ದಿನಕ್ಕೆ ಇನ್ನೊಂದು, ವರ್ಷಕ್ಕೆ ಮತ್ತೊಂದು, ಮನೆಯವರು ಅಂಟಿಸುತ್ತಲೇ ಇರುತ್ತಾರೆ. ನಮ್ಮೂರ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರಿಗಿಂತ ಗೋಡೆಯ ಮೇಲಿರುವವರೇ ಹೆಚ್ಚು. ನಾನು ದಿನಾ ಹೋಗಿ ಅವರ ಜೊತೆ ಕೂತು ಬರುತ್ತೇನೆ. ಒಬ್ಬರಾದರೂ ನನ್ನ ಮಾತಿಗೆ ಎದುರಾಡುವುದಿಲ್ಲ. ಎದುರಾಡದಿದ್ದರೆ ಸುಳ್ಳು ಹೇಳುವುದಕ್ಕೂ ಮನಸ್ಸು ಬರುವುದಿಲ್ಲ ಅಂತ ಈಗ ಗೊತ್ತಾಗುತ್ತಿದೆ.

ಬರುವಾಗ ಹೂವು ತರಬೇಕು ಅಂತ ನಿನ್ನ ಅಮ್ಮ ಹೇಳಿರುತ್ತಾಳೆ. ತಾ, ಆದರೆ ಎಣಿಸಿ ತಾ. ಮೂರೋ ಐದೋ, ಬೆಸ ಸಂಖ್ಯೆಯೇ ಆಗಬೇಕು. ನಮ್ಮಲ್ಲಿ ಸಮ ಸಂಖ್ಯೆ ಸಮಾಧಿಗೆ. ಪರದೇಶದವರು ಡಜನ್ ಗುಲಾಬಿ ತಂದು ಮನೆಯವರ ಮುಖ ಬಿಳಿಚಿಸುವುದನ್ನು ನೋಡಿದ್ದೇನೆ.

ಬೂಟು ಬಾಗಿಲಲ್ಲೇ ಬಿಡು. ನಿನಗೆ ಅಂತ ತ್ಸೋನಾ ಕೆಂಪು ಉಣ್ಣೆಯ ಮನೆಚಪ್ಪಲಿ ಹೆಣೆದಿದ್ದಾಳೆ. ಎಡಗಾಲಿನದು ಮುಗಿದಿದೆ. ಬಲಗಾಲಿನದು ಹಿಮ್ಮಡಿಯ ತನಕ ಬಂದು ಸೂಜಿಯಲ್ಲೇ ಇದೆ.

ನಿನ್ನ ದಾರಿ ಸುಸೂತ್ರವಾಗಲಿ ಮಗಳೇ. ನಡೆದಲ್ಲೆಲ್ಲ ನಿನ್ನ ಕೈಹಿಡಿಯುವವರು ಸಿಗಲಿ. ನೆದಾಳಿಗೆ ಅಣ್ಣ ಕೇಳಿದ ಅಂತ ಹೇಳು.

ನಿನ್ನ ಸೋದರಮಾವ,
ಗೆಂಚೊ

ಮರೆತದ್ದು: ಮರೆತಿರಲಿಲ್ಲ, ಸುಮ್ಮನೆ ಹಾಗೆ ಬರೆದೆ. ನಮ್ಮ ಗೇಟಿನ ಮೇಲೂ ಒಂದು ಕಾಗದ ಇದೆ. ನೀನು ಗಾಬರಿಯಾಗಿ ಅಲ್ಲೇ ನಿಂತುಬಿಡಬಾರದು ಅಂತ ಮೊದಲೇ ಹೇಳುತ್ತಿದ್ದೇನೆ. ಫೋಟೋ ನಮ್ಮ ಮದುವೆಯದು. ಅವಳಿಗೆ ಇಷ್ಟವಾಗಿದ್ದದ್ದು ಅದೊಂದೇ; ನನ್ನ ಅರ್ಧ ಕತ್ತರಿಸಿದ್ದೇನೆ. ಫೆಬ್ರವರಿಯಲ್ಲಿ ಹೋದಳು. ಹೇಳಿದ್ದರೆ ನೀನು ಟಿಕೆಟ್ ತೆಗೆಸುತ್ತಿರಲಿಲ್ಲ. ಬರುತ್ತಿರುವುದು ಅವಳನ್ನು ನೋಡಲಿಕ್ಕೆ, ನನ್ನನ್ನಲ್ಲ ಅಂತ ನನಗೆ ಗೊತ್ತು. ಇನ್ನು ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನೆದಾಳಿಗೆ ನೀನೇ ಹೇಳು, ನನ್ನ ಕೈಲಾಗುವುದಿಲ್ಲ. ಬರುವುದಾದರೆ ಹೂವು ಐದು ಬೇಡ, ಆರು ತಾ.

ಆ ದಿನ ಎದೆನೋವು ಅಂದಳು. ವ್ರಾತ್ಸಾದ ಡಾಕ್ಟರು ಈಗಲೇ ಸೋಫಿಯಾಕ್ಕೆ ಹೋಗಿ ಅಂದರು. ಸೋಫಿಯಾದಲ್ಲಿ ಬಸ್ಸಿಳಿದು ಆಸ್ಪತ್ರೆಗೆ ಟ್ಯಾಕ್ಸಿ ಹಿಡಿದೆ. ದರದ ಚೀಟಿ ಓದಲಿಲ್ಲ, ಕನ್ನಡಕ ಅವಳ ಚೀಲದಲ್ಲಿತ್ತು. ಮೂಲೆಗೊಂದು ಕಂಚಿನ ಸಿಂಹ ಕೂತಿರುವ ಸಿಂಹಗಳ ಸೇತುವೆ ಬಂತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಇನ್ನೊಮ್ಮೆಯೂ ಬಂತು. ನನಗೆ ತಿಳಿಯಿತು. ಬಾಯಿಬಿಟ್ಟರೆ ಹಳ್ಳಿ ಗಮಾರ ಅಂದಾನು ಅಂತ ಸುಮ್ಮನೆ ಕೂತೆ. ತ್ಸೋನಾ ನನ್ನ ಭುಜಕ್ಕೆ ತಲೆಯಿಟ್ಟು, "ಎಷ್ಟೊಂದು ಸಿಂಹಗಳಿವೆಯಲ್ಲೋ ಗೆಂಚೊ ಈ ಊರಲ್ಲಿ" ಅಂದಳು. ಡ್ರೈವರಿಗೆ ನಾಟಲಿ ಅಂತಲೇ ಅಂದದ್ದು. ನಾನು, "ರಾಜಧಾನಿ ಅಂದ್ಮೇಲೆ ಇರ್ಬೇಡ್ವೇನೇ" ಅಂದೆ. ಆ ಸಿಂಹಗಳ ಮಾತೇ ಅವಳ ಕೊನೆಯ ಮಾತಾಯಿತು.

ಆ ದಿನ ಹೋದದ್ದು ಇಪ್ಪತ್ತು ಲೆವ ಅಲ್ಲ ಮಗಳೇ. ಮೀಟರು ನೂರ ಎಂಬತ್ತೇಳು ತೋರಿಸಿತು. ನಾನು ಇನ್ನೂರು ಕೊಟ್ಟು, ಚಿಲ್ಲರೆ ನೀನೇ ಇಟ್ಟುಕೋ ಅಂದೆ.