ಎರಡನೆಯ ಸುರುಳಿ

ಮಾರ್ಚ್ 4, ಮಂಗಳವಾರ

ಕಚೇರಿಯಲ್ಲಿ ಎರಡು ಟ್ರಾನ್ಸ್‌ಫಾರ್ಮರ್‌ಗಳ ಪರೀಕ್ಷೆ. ಎರಡೂ ಪಾಸು. ಸಂಜೆ ಮೇಜಿನ ಮೇಲೆ ಹಳೆಯ ರೇಡಿಯೊ ಬಿಚ್ಚಿಕೊಂಡು ಕುಳಿತೆ. ಎದುರಿಗೆ ಕುರ್ಚಿ ಹಾಕಿ, ನನ್ನ ಕಡೆ ಮುಖ ಮಾಡಿ, ಹೆಂಡತಿಯ ಗಿಟಾರ್ ಅಭ್ಯಾಸ. ಒಂದೂವರೆ ವರ್ಷದಿಂದ ಇದೇ ಕ್ರಮ. ಮಾತು ಕಡಿಮೆ. ಅಗತ್ಯವೂ ಬಿದ್ದಿಲ್ಲ.

ಎಲೆಕ್ಟ್ರಿಕ್ ಗಿಟಾರ್, ಸೆಕೆಂಡ್‌ಹ್ಯಾಂಡ್. ತಂತಿ ಮುಟ್ಟುವ ಮೊದಲೇ, ದನಿ ಹೆಚ್ಚಿಸುವ ಆಂಪ್‌ನಿಂದ ಗುಂಯ್ ಎಂಬ ಸದ್ದು. ಒಳಕೋಣೆಯಿಂದ ಅಮ್ಮ: "ದುಂಬಿ ಬಂತು. ಸೊಸೆ ಇನ್ನು ಶುರು ಮಾಡ್ತಾಳೆ."

"ದುಂಬಿಗೂ ನಿಮ್ಮ ಥರಾನೇ ಅತ್ತೆ, ಸುಮ್ನಿರೋಕೆ ಬರಲ್ಲ."

ಇಪ್ಪತ್ತೆರಡಕ್ಕೆ, ಶನಿವಾರ, ಇವಳ ತಂಡದ ಕಾರ್ಯಕ್ರಮ. ನಾಲ್ವರು, ಎಲ್ಲರೂ ನಲವತ್ತು ದಾಟಿದವರು. ವೇದಿಕೆ ಇದೇ ಮೊದಲು. ಅಲ್ಲಿ ಈ ದುಂಬಿ ಕೇಳಿಸಿದರೆ ನಗೆಪಾಟಲು. ಸರಿಪಡಿಸಬೇಕು.

ಮಾರ್ಚ್ 6, ಗುರುವಾರ

ಇವಳು ತಂಗಿಯ ಮನೆಗೆ. ಭಾನುವಾರ ವಾಪಸು. ಗಿಟಾರ್ ಬಿಚ್ಚಿದೆ. ಇವಳನ್ನು ಕೇಳಿರಲಿಲ್ಲ... ಅನಿರೀಕ್ಷಿತವಾಗಿರಲಿ ಎಂದು.

ಪಿಕಪ್ — ತಂತಿಗಳ ಕಂಪನವನ್ನು ವಿದ್ಯುತ್ತಾಗಿಸುವ ಭಾಗ — ಯಾರ ತಯಾರಿಕೆಯೋ ತಿಳಿಯದು. ತಳದ ತಗಡಿನ ಮೇಲೆ ಲೇಬಲ್ ಇಲ್ಲ, ಅದು ಅಂಟಿದ್ದ ಕಲೆ ಮಾತ್ರ. ಆದರೆ ಜಾತಿ ಖಚಿತ: ಹಮ್‌ಬಕರ್. ಅಕ್ಕಪಕ್ಕ ಎರಡು ತಾಮ್ರದ ಸುರುಳಿ. ತಂತಿಯ ದನಿಯನ್ನು ಎರಡೂ ಕೂಡಿಸಬೇಕು. ಹೊರಗಿನ ಗುಂಯ್ ಸದ್ದನ್ನು ಒಂದು ಇನ್ನೊಂದರಿಂದ ಕಳೆಯಬೇಕು. ಹಾಗಿದ್ದೂ ಗುಂಯ್ ಏಕೆ?

ಮೀಟರ್‌ನಲ್ಲಿ ಸುರುಳಿಗಳ ರೋಧ: 4.1 ಕಿಲೋ ಓಮ್. ಇಂಥವುಗಳಲ್ಲಿ ಎಂಟರ ಆಸುಪಾಸು ಇರಬೇಕು. ಆಂಪ್ ಹಚ್ಚಿ, ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿದೆ. ಒಂದು ಬದಿಯಲ್ಲಿ ಟಕ್ ಎಂದು ಸ್ಪಷ್ಟ ಸದ್ದು. ಇನ್ನೊಂದು ಬದಿ ಬಹುತೇಕ ಮೂಕ.

ಮಾರ್ಚ್ 8, ಶನಿವಾರ

ಲೋಹದ ಕವಚ ತೆಗೆದೆ. ಎರಡು ಸುರುಳಿಗಳು ಕೂಡುವ ಬೆಸುಗೆಯ ಮೇಲಿನ ಟೇಪ್ ಒಣಗಿ ಉದುರಿದೆ. ಬೆಸುಗೆಯ ಒಂದು ಮುಳ್ಳು ತಳದ ತಗಡಿಗೆ ತಾಗಿದೆ. ಎರಡನೆಯ ಸುರುಳಿ ಹೀಗೆ ಎರಡೂ ತುದಿಯಲ್ಲಿ ಅರ್ತ್ ಆಗಿ, ಇದ್ದೂ ಇಲ್ಲದಂತಾಗಿದೆ. ಸುರುಳಿಯ ತಂತಿ ಕೂದಲಿಗಿಂತ ತೆಳು. ಉಸಿರು ಬಿಗಿಹಿಡಿದು ಕೆಲಸ. ಮುಳ್ಳು ತೆಗೆದು ಹೊಸ ಟೇಪ್ ಸುತ್ತಿದೆ. 8.2. ಆಂಪ್ ಹಚ್ಚಿದೆ. ನಿಶ್ಶಬ್ದ.

"ಕರೆಂಟ್ ಹೋಯ್ತೇನೋ?"

"ಇಲ್ಲಮ್ಮ. ದುಂಬಿ ಹೋಯ್ತು."

"ಅಯ್ಯೋ, ಅವಳನ್ನ ಕೇಳಿದ್ಯಾ?"

ಕವಚ ಮತ್ತೆ ಕೂರಿಸಿದೆ.

ಮಾರ್ಚ್ 9, ಭಾನುವಾರ

ಬಂದವಳು ಕೈಕಾಲು ತೊಳೆದು ಗಿಟಾರ್ ಎತ್ತಿಕೊಂಡಳು. ಒಂದು ಸ್ವರ. ನಿಲ್ಲಿಸಿದಳು. ಮತ್ತೆ ಅದೇ ಸ್ವರ.

"ಏನ್ರೀ ಮಾಡಿದ್ರಿ ಇದಕ್ಕೆ?"

ವಿವರಿಸಿದೆ. ಮುಳ್ಳು, ಟೇಪ್, 4.1, 8.2.

"ನೆಗಡಿ ಆದೋರು ಹಾಡಿದ ಹಾಗಿದೆ. ನನ್ನ ಗಿಟಾರ್ ಎಲ್ಲಿ?"

"ಇದೇ ನಿನ್ನದು. ಈಗ ಪೂರ್ತಿ ಕೆಲಸ ಮಾಡ್ತಿದೆ."

"ಪೂರ್ತಿ ಬೇಕು ಅಂತ ನಾನು ಕೇಳಿದ್ನಾ? ಊರೆಲ್ಲಾ ಸುತ್ತಿ, ಆ ದನಿ ಕೇಳಿ ತಾನೇ ಇದನ್ನ ತಂದಿದ್ದು? ಗಾಜಿನ ಬಳೆ ಥರ ಇತ್ತು. ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

ತಾಂತ್ರಿಕವಾಗಿ ನನ್ನ ಕೆಲಸದಲ್ಲಿ ದೋಷವಿಲ್ಲ.

ಮಾರ್ಚ್ 17, ಸೋಮವಾರ

ತಂಡದಲ್ಲಿ ಡ್ರಮ್ಸ್ ಬಾರಿಸುವ ದಂತವೈದ್ಯೆ ಕಚೇರಿಗೆ ಫೋನ್ ಮಾಡಿದ್ದರು. "ಸರ್, ಅಕ್ಕ ಶನಿವಾರ ಬರಲ್ವಂತೆ. ಬೇರೆಯವರನ್ನ ನೋಡ್ಕೊಳ್ಳಿ ಅಂತಾರೆ. ಹಲ್ಲು ಹೋದ್ರೆ ಕಟ್ಟಿಕೊಡ್ತೀನಿ. ಇವರ ಜಾಗಕ್ಕೆ ಏನು ಕಟ್ಲಿ?"

ವಾರದಿಂದ ಅಭ್ಯಾಸ ಒಳಕೋಣೆಯಲ್ಲಿ, ಅಮ್ಮನ ಮಂಚದ ಪಕ್ಕ. ಅದೂ ಅರೆಮನಸ್ಸಿನದು. ನನ್ನ ಎದುರಿಗೆ ಕುರ್ಚಿಯ ನಾಲ್ಕು ಕಾಲುಗಳ ಗುರುತು ಮಾತ್ರ. ಇಲ್ಲೇಕೆ ಕೂರುವುದಿಲ್ಲ ಎಂದು ಕೇಳಿದೆ.

"ಇಲ್ಲೇ ಕೂರಬೇಕು ಅಂತ ಈಗೇನಿಲ್ವಲ್ಲ. ಮೊದ್ಲು ನಿಮ್ಮ ಮೇಜಿನ ಕಡೆ ತಿರುಗಿದ್ರೆ ಮಾತ್ರ ಗುಂಯ್ ಅನ್ನೋದು ಕಮ್ಮಿ ಆಗ್ತಿತ್ತು."

ಸರಿಯಾದ ಮಾತು. ಒಂಟಿ ಸುರುಳಿ ಆಂಟೆನಾ ಇದ್ದಂತೆ. ಒಂದು ದಿಕ್ಕಿಗೆ ತಿರುಗಿಸಿದಾಗ ಗುಂಯ್ ಕಡಿಮೆ ಹಿಡಿಯುತ್ತದೆ. ನನಗೆ ಹೊಳೆಯಬೇಕಿತ್ತು. ಇವಳು ನನ್ನತ್ತ ಮುಖ ಮಾಡಿ ಕೂರುವುದಕ್ಕೆ ಬೇರೆ ಕಾರಣವಿದೆ ಎಂದು ತಿಳಿದಿದ್ದೆ. ಏನೆಂದು ಇಲ್ಲಿಯೂ ಬರೆಯುವುದಿಲ್ಲ.

ಮಾರ್ಚ್ 18, ಮಂಗಳವಾರ

ಕೇಳಿದೆ. "ಹಳೇ ದನಿ ವಾಪಸ್ ತರಬಹುದು. ತರಲಾ?"

"ಸರಿ ಮಾಡಿದ್ದನ್ನ ಮತ್ತೆ ಕೆಡಿಸ್ತೀರಾ?"

"ಒಂದು ಸ್ವಿಚ್ ಹಾಕ್ತೀನಿ. ಮೇಲೆತ್ತಿದ್ರೆ ಎರಡನೇ ಸುರುಳಿ ಅರ್ತ್ ಆಗತ್ತೆ, ಮೊದಲಿನ ಹಾಗೇ. ಇಳಿಸಿದ್ರೆ ಎರಡೂ ಕೆಲಸ ಮಾಡತ್ತೆ."

"ಕೆಡಿಸೋಕೂ ಸ್ವಿಚ್ಚು..." ಗಿಟಾರ್ ತಂದು ಮೇಜಿನ ಮೇಲಿಟ್ಟಳು. "ಹಾಕಿ. ನಾನೂ ಕೂತ್ಕೋತೀನಿ. ನಿಮ್ಮೊಬ್ಬರನ್ನೇ ಬಿಡಲ್ಲ."

ಸುರುಳಿಗಳು ಕೂಡುವ ಜಾಗದಿಂದ ಹೊಸ ವೈರ್ ಎಳೆದು ಹೊರತರಬೇಕು. ಟಾರ್ಚ್ ಹಿಡಿದವಳು ಇವಳು.

"ಕೈ ನಡುಗ್ತಿದೆ ನಿಮ್ದು."

"ಟಾರ್ಚ್ ಅಲ್ಲಾಡ್ತಿದೆ."

"ಟಾರ್ಚ್ ಅಲ್ಲಾಡಿದ್ರೆ ನೆರಳು ಅಲ್ಲಾಡತ್ತೆ ಕಣ್ರೀ, ಬೆರಳಲ್ಲ."

ಆಗಲೇ ಎರಡನೆಯ ಸುರುಳಿಯ ಎಳೆ ತುಂಡಾಯಿತು. ತುದಿ ಒಳಗೆ ಸರಿದಿದ್ದರೆ ಪಿಕಪ್‌ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಕಣ್ಣಿಗೆ ಕಾಣಲಿಲ್ಲ. ಇವಳು ಟಾರ್ಚನ್ನು ಓರೆ ಮಾಡಿ, ಉಗುರಿನಿಂದ ತೋರಿಸಿದಳು. "ಇಲ್ಲಿ. ಹೊಳೀತಿದೆ ನೋಡಿ." ಹಿಡಿದು ಬೆಸೆದೆ.

ಮಾರ್ಚ್ 20, ಗುರುವಾರ, ಸಂಜೆ

ಸ್ವಿಚ್ ಕೆಳಗೆ: 8.2. ಮೇಲೆ: 4.1.

ಕುರ್ಚಿ ಒಳಕೋಣೆಯಿಂದ ಬಂದಿದೆ. ಅದೇ ನಾಲ್ಕು ಗುರುತುಗಳ ಮೇಲೆ. ಮೊದಲ ಹಾಡಿಗೆ ಸ್ವಿಚ್ ಮೇಲೆತ್ತಿದಳು. ಅಮ್ಮ: "ಬಂದ್ಯಾ ಮಾರಾಯ?" — ದುಂಬಿಗೆ. ಹಾಡು ಮುಗಿಸಿ ಇವಳು ದಂತವೈದ್ಯೆಗೆ ಫೋನ್ ಮಾಡಿದಳು. "ಯಾರನ್ನೂ ಹುಡುಕಬೇಡ ಮಾರಾಯ್ತಿ. ನಾನೇ ಬರ್ತೀನಿ."

ಎರಡನೆಯ ಹಾಡು ನಿಧಾನದ್ದು. "ಇದಕ್ಕೆ ನಿಮ್ಮ ನೆಗಡೀನೇ ಚೆನ್ನ," ಎಂದು ಸ್ವಿಚ್ ಇಳಿಸಿದಳು. ಗುಂಯ್ ನಿಂತಿತು. ಇನ್ನು ಈ ಕಡೆ ತಿರುಗಿ ಕೂರುವ ಅಗತ್ಯವಿಲ್ಲ. ಕಿಟಕಿಯತ್ತ ಬೆಳಕು ಹೆಚ್ಚು. ಅತ್ತ ತಿರುಗಬಹುದು. ಇದನ್ನು ಬರೆಯುತ್ತ ಗಮನಿಸುತ್ತಿದ್ದೇನೆ.

"ಏನ್ರೀ ಅದು, ನನ್ನ ನೋಡೋದು ಬರೆಯೋದು, ನೋಡೋದು ಬರೆಯೋದು?"

"ಅಳತೆ."

"ಎಷ್ಟು ಬಂತು?"

ಹಾಡು ಅರ್ಧ ದಾಟಿದೆ. ಸ್ವಿಚ್ ಕೆಳಗೇ ಇದೆ. ಕುರ್ಚಿ ಇನ್ನೂ ನನ್ನ ಕಡೆಗೇ.