ಚರ್ಮರೋಗದ ಕವಲಿನಲ್ಲಿ ಒಂದು ಸಾಲು

ಗದಗ, 2319ರ ಫೆಬ್ರವರಿ 30

ಗ್ರಂಥಪಾಲಕಿ ಇಂದುಮತಿ ಹೆಬಸೂರ ಅವರಿಗೆ, ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮುನ್ನೂರು ವರ್ಷ ಹಿಂದಿರುವ ನಿಮಗೆ ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಇಲ್ಲಿ ಪ್ರತಿ ಮನೆಯಲ್ಲೂ ಒಂದು ಉತ್ತರಗೋಡೆ ಇದೆ. ಏನು ಕೇಳಿದರೂ ಹೇಳುತ್ತದೆ, ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಇದನ್ನು ಯಾರು ಹೇಳಿದ್ದು ಎಂದು ಕೇಳಿದರೆ ಮಾತ್ರ ಬಾಯಿಗೆ ಬೀಗ. ಹಾಗಾಗಿ ಮದ್ದಿನಂಗಡಿಯವರು ಗೋಡೆಯ ಮಾತು ನಂಬಿ ಮಾತ್ರೆ ಕೊಡುವುದಿಲ್ಲ; ಮನುಷ್ಯರೊಬ್ಬರು ಓದಿ, ಹೆಸರು ಹಾಕಿ ಒಪ್ಪಿದ ಪುಟ ತೋರಿಸಬೇಕು. ಅಂಥ ಪುಟಗಳು ಉಳಿದಿರುವುದು ಕವಲುಪಟ್ಟಿಯಲ್ಲಿ, ಅಂದರೆ ನಿಮ್ಮ ಕಾಲದವರು ಜಾಲತಾಣಗಳನ್ನು ಒಂದೊಂದಾಗಿ ನೋಡಿ ವಿಷಯವಾರು ಜೋಡಿಸಿದ ಸೂಚಿಯಲ್ಲಿ. ನಾನು ಅದರ ಕಾವಲುಗಾರ. ಅದರ ಹುಡುಕುಪೆಟ್ಟಿಗೆ ಎಂದೋ ಕೆಟ್ಟಿದೆ. ಕವಲಿನಿಂದ ಕವಲಿಗೆ ಇಳಿಯುವುದೊಂದೇ ದಾರಿ.

ಹೋದ ತಿಂಗಳು ತಂಗಿ ಈರವ್ವನ ಹಣೆಯಿಂದ ಎಡಗಣ್ಣಿನವರೆಗೆ ನೀರ್ಗುಳ್ಳೆಗಳೆದ್ದವು. ಪಕ್ಕದ ಮನೆಯ ಶಾಂತವ್ವ ಕಾವಿ ಹಚ್ಚುತ್ತ, "ಸರ್ಪಸುತ್ತು ಐತಿ. ಹೆಡಿ ಬಾಲ ಕೂಡಾಕ ಬಿಡಬ್ಯಾಡೋ ತಮ್ಮಾ," ಅಂದರು. ಮೂರು ದಿನದೊಳಗೆ ಮಾತ್ರೆ ಶುರುವಾಗದಿದ್ದರೆ ಕಣ್ಣು ಹೋದೀತು ಎಂದು ಅಂಗಡಿಯವರೇ ಹೇಳಿದರು, ಆದರೆ ಪುಟವಿಲ್ಲದೆ ಕೊಡಲು ಒಪ್ಪಲಿಲ್ಲ. ಆರೋಗ್ಯದ ಕವಲಿಗೆ ಇಳಿದೆ, ಅಲ್ಲಿಂದ ರೋಗಗಳು, ಅಲ್ಲಿಂದ ಚರ್ಮರೋಗ. ಕಜ್ಜಿ, ಚಿಬ್ಬು, ಹುಳುಕಡ್ಡಿ ಎಲ್ಲ ಇದ್ದವು, ಸರ್ಪಸುತ್ತು ಇರಲಿಲ್ಲ. ಕಣ್ಣು, ನರ, ನಾಟಿ ಔಷಧ, ಯಾವುದನ್ನೂ ಬಿಡದೆ ಜಾಲಾಡಿದೆ. "ಅಣ್ಣಾ, ಸಿಕ್ತೇನ?" ಎಂದು ಅವಳು ಕೇಳಿದಾಗಲೆಲ್ಲ ಇನ್ನೊಂದು ಕವಲು ತೆರೆಯುತ್ತಿದ್ದೆ.

ನಾಲ್ಕನೆಯ ದಿನ ದಿಕ್ಕುತೋಚದೆ ಪ್ರಾಣಿಗಳ ಕವಲು ತೆರೆದೆ. ಹಾವುಗಳ ಪಟ್ಟಿಯಲ್ಲಿ, ನಾಗರಹಾವಿಗೂ ಹಸಿರುಹಾವಿಗೂ ನಡುವೆ, ಅಕ್ಷರಕ್ರಮ ತಪ್ಪದಂತೆ ಸರ್ಪಸುತ್ತು ಕೂತಿತ್ತು. ಪುಟವೇನೋ ಚೊಕ್ಕ ಚಿನ್ನ, ಮಾತ್ರೆಯ ಹೆಸರಿನ ಸಮೇತ. ಕೆಳಗೆ, "ಓದಿ ಸೇರಿಸಿದವರು: ಇಂದುಮತಿ ಹೆಬಸೂರ." ನಿಜ ಹೇಳಿ, ಪುಟ ಓದಿದಿರೋ, ಬರೀ ತಲೆಬರಹ ಓದಿದಿರೋ?

ಮಾತ್ರೆ ಸಿಕ್ಕಿತು. ಗುಳ್ಳೆ ಒಣಗಿದವು, ಎಡಗಣ್ಣು ಹೋಯಿತು. ಈರವ್ವ ಕಸೂತಿ ಹಾಕುವವಳು.

ಸರ್ಪಸುತ್ತನ್ನು ಅಲ್ಲಿಂದ ಕೀಳಬೇಡಿ. ನಿಮ್ಮಂತೆ ಯೋಚಿಸುವವರೂ ಇದ್ದಾರು. ಚರ್ಮರೋಗದ ಕವಲಿನಲ್ಲಿ ಒಂದೇ ಒಂದು ಸಾಲು ಸೇರಿಸಿ: "ಸರ್ಪಸುತ್ತಿಗೆ ಹಾವುಗಳ ಪಟ್ಟಿ ನೋಡಿ." ಇವತ್ತೇ ಸೇರಿಸಿ. ಆ ಕವಲು ನನ್ನೆದುರು ತೆರೆದೇ ಇದೆ; ನೀವು ಅಲ್ಲಿ ಸೇರಿಸಿದ್ದು ಇಲ್ಲಿ ಕಾಣಬೇಕು. ಸೂಜಿಗೆ ದಾರ ಪೋಣಿಸಿಕೊಡು ಎಂದು ತಂಗಿ ಒಳಗಿನಿಂದ ಕರೆಯುತ್ತಿದ್ದಾಳೆ. ಸಾಲು ಬಂತೇನೋ ಎಂದು ಇನ್ನೊಮ್ಮೆ ನೋಡಿ ಏಳುತ್ತೇನೆ.

ಗುರುಸಿದ್ಧ